ಜೇನು ಸವರಿದ ಖಡ್ಗದ ಅಲಗು

ಬೆಳಗೊಳದ ಬಾಹುಬಲಿ ಬಿಂಬವನ್ನು ಮಾಡಿಸಿದ ಚಾವುಂಡರಾಯನಿಗೆ ಗುರುಗಳಾಗಿದ್ದ ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಎಂಟು ಕರ್ಮಗಳ ಸ್ವಭಾವವನ್ನು ಎಂಟು ದೃಷ್ಟಾಂತಗಳಿಂದ ತಿಳಿಸಿರುವುದು ಸ್ವಾಧ್ಯಾಯಶೀಲರಾದ ಶ್ರಾವಕ ಶ್ರಾವಿಕೆಯರಿಗೆಲ್ಲ ವಿದಿತವೇ ಆಗಿದೆ. ಅವುಗಳಲ್ಲಿ ವೇದನೀಯಕ್ಕೆ ಹೇಳಿದುದು ಜೇನು ಸವರಿದ ಖಡ್ಗದ ಅಲಗು. ಮೋಹನೀಯಕ್ಕೆ ಹೇಳಿದುದು ಮದ್ಯ. ಅಲಗನ್ನು ನೆಕ್ಕಿದವನಿಗೆ ಮೊದಲು ದೊರೆಯುವುದು ಸವಿ. ನಾಲಗೆ ಸೀಳಿದುದು ತಿಳಿಯುವುದು ಅನಂತರ. ಮದ್ಯ ಕುಡಿದವನಿಗಾದರೋ ಸೀಳಿದುದೂ ತಿಳಿಯದು. ಈ ಎರಡು ದೃಷ್ಟಾಂತಗಳೂ ಒಂದೇ ಬಾಳಿನಲ್ಲಿ ಕೂಡಿಬಂದರೆ ಏನಾಗುವುದೆಂಬುದನ್ನು ಕಾಣಲು ಪುರಾಣಗಳನ್ನೇ ತೆರೆಯಬೇಕೆಂದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಹಾಗೂ ಇಂಗ್ಲೆಂಡ್ ದೇಶಗಳಲ್ಲಿ ಕೀರ್ತಿಯ ಶಿಖರವನ್ನೇರಿದ ರಾಕ್ ಸಂಗೀತಗಾರರ ಜೀವನಗಳು ಅದನ್ನು ತೆರೆದ ಗ್ರಂಥದಂತೆ ತೋರಿಸುತ್ತವೆ.

ಈ ವಿಷಯ ಶ್ರಾವಕರ ಮನೆಗೆ ದೂರದ್ದೆಂದು ಕೆಲವರಿಗೆ ತೋರಬಹುದು. ಮನೆಯಲ್ಲಿ ಮದ್ಯದ ಸೀಸೆ ಇಲ್ಲ, ಆದುದರಿಂದ ಮೂಲಗುಣ ಪಾಲಿತವಾಯಿತು ಎಂಬ ಸಮಾಧಾನ ಬಹುಮಂದಿಗೆ ಉಂಟು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಮಧು ಮಾಂಸಗಳ ತ್ಯಾಗಕ್ಕೆ ತ್ರಸಜೀವಗಳ ಹಿಂಸೆಯನ್ನು ಕಾರಣವಾಗಿ ಹೇಳಿ, ಮದ್ಯತ್ಯಾಗಕ್ಕೆ ಮಾತ್ರ ಬೇರೆ ಕಾರಣವನ್ನು ಕೊಟ್ಟಿದ್ದಾರೆ. ಅದು ಪ್ರಮಾದದ ಪರಿಹಾರ. ಅಮೃತಚಂದ್ರಸೂರಿಗಳೂ ಮದ್ಯದ ಮೊದಲ ದೋಷವೆಂದು ಎತ್ತಿ ತೋರಿಸಿರುವುದು ಮನಸ್ಸಿಗೆ ಅದು ಕವಿಸುವ ಮೋಹವನ್ನೇ. ಕಾರಣ ಇದಾದ ಮೇಲೆ ನಿಷೇಧವು ಸೀಸೆಯಲ್ಲಿರುವ ದ್ರವಕ್ಕಷ್ಟೇ ನಿಲ್ಲಲಾರದು. ಪುಡಿಯಾಗಲಿ, ಸೂಜಿಯ ಮದ್ದಾಗಲಿ, ಕಾಗದದ ಚೂರಿನಲ್ಲಿ ಇಂಗಿಸಿದ ತೊಟ್ಟಾಗಲಿ, ನೋವಿನ ನೆಪದಲ್ಲಿ ನುಂಗುವ ಗುಳಿಗೆಯಾಗಲಿ, ಪ್ರಮಾದವನ್ನು ತರುವುದೆಲ್ಲವೂ ಆ ಒಂದು ಪದದೊಳಗೆ ಅಡಗಿದೆ.

ಮೊದಲು ನಡೆದುದನ್ನು ನೋಡಬೇಕು. 1969ರ ಜುಲೈ 3ರಂದು ರೋಲಿಂಗ್ ಸ್ಟೋನ್ಸ್ ವಾದ್ಯಗೋಷ್ಠಿಯ ಸ್ಥಾಪಕರಲ್ಲೊಬ್ಬನಾದ ಬ್ರಯಾನ್ ಜೋನ್ಸ್ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ತನ್ನ ಮನೆಯ ಈಜುಕೊಳದಲ್ಲಿ ಮುಳುಗಿ ಸತ್ತನು; ಮದ್ಯ ಹಾಗೂ ಮಾದಕ ದ್ರವ್ಯಗಳ ಪ್ರಭಾವದಲ್ಲಿದ್ದನು. ಆತನದೇ ಗೋಷ್ಠಿ ಆತನನ್ನು ಕೈಬಿಟ್ಟು ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. 1970ರ ಸೆಪ್ಟೆಂಬರ್ 18ರಂದು ಗಿಟಾರ್ ವಾದನದ ಮೇರೆಗಳನ್ನೇ ಬದಲಿಸಿದ ಜಿಮಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ನಿದ್ರೆಗುಳಿಗೆಗಳ ಅಮಲಿನಲ್ಲಿ ಪ್ರಜ್ಞೆ ತಪ್ಪಿ, ವಾಂತಿ ಉಸಿರ್ನಾಳಕ್ಕೆ ಸೇರಿ ಅಸುನೀಗಿದನು. ಅದಕ್ಕೆ ಹದಿನಾರು ದಿನಗಳ ತರುವಾಯ, ಅಕ್ಟೋಬರ್ 4ರಂದು, ಜಾನಿಸ್ ಜಾಪ್ಲಿನ್ ಎಂಬ ಗಾಯಕಿ ಲಾಸ್ ಏಂಜಲೀಸಿನಲ್ಲಿ ಹೆರಾಯಿನ್ ಅತಿಸೇವನೆಯಿಂದ ಮಡಿದಳು. 1971ರ ಜುಲೈ 3ರಂದು ಡೋರ್ಸ್ ಗೋಷ್ಠಿಯ ಜಿಮ್ ಮಾರಿಸನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಆತನಿಗೆ ಮರಣೋತ್ತರ ಪರೀಕ್ಷೆ ನಡೆಯಲಿಲ್ಲವಾದುದರಿಂದ ಕಾರಣದ ಬಗ್ಗೆ ಊಹೆಗಳು ಬೆಳೆದವು. ಆತನ ಕುಡಿತ ಮಾತ್ರ ಊಹೆಯಲ್ಲ. ನಾಲ್ವರಿಗೂ ವಯಸ್ಸು 27.

ಮುಂದೆ 1994ರಲ್ಲಿ ಹೆರಾಯಿನ್ ವ್ಯಸನಿಯಾಗಿದ್ದ ಕರ್ಟ್ ಕೋಬೇನ್ ಆತ್ಮಹತ್ಯೆ ಮಾಡಿಕೊಂಡಾಗ, 2011ರಲ್ಲಿ ಏಮಿ ವೈನ್‌ಹೌಸ್ ಎಂಬ ಗಾಯಕಿ ಅತಿಯಾದ ಮದ್ಯದಿಂದ ಸತ್ತಾಗ, ಅವರ ವಯಸ್ಸೂ ಅಷ್ಟೇ ಆಗಿದ್ದುದರಿಂದ, 27 ಎಂಬುದೊಂದು ಶಾಪಗ್ರಸ್ತ ಸಂಖ್ಯೆ ಎಂಬ ಮೂಢನಂಬಿಕೆ ಪಾಶ್ಚಾತ್ಯ ಯುವಕರಲ್ಲಿ ಹುಟ್ಟಿಕೊಂಡಿತು. ವಿಜ್ಞಾನದ ನಾಡಿನಲ್ಲಿಯೂ ಲೋಕಮೂಢತೆಗೆ ಬರವಿಲ್ಲ! 1956ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಗಳಿಸಿದ ಧ್ವನಿಮುದ್ರಿಕೆಗಳ 1046 ಸಂಗೀತಗಾರರ ಆಯುಷ್ಯವನ್ನು ಸಂಶೋಧಕರು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದರು. 27ರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಂಡುದು ಇನ್ನೂ ಗಂಭೀರವಾದುದು: ಇಪ್ಪತ್ತು ಮೂವತ್ತರ ಪ್ರಾಯದುದ್ದಕ್ಕೂ ಆ ಸಂಗೀತಗಾರರಿಗೆ ಮರಣದ ಭಯ ಸಾಮಾನ್ಯ ಜನರಿಗಿಂತ ಎರಡರಿಂದ ಮೂರು ಪಟ್ಟು. ಶಾಪವು ಒಂದು ವರ್ಷದ್ದಾಗಿರಲಿಲ್ಲ, ಜೀವನಕ್ರಮದ್ದಾಗಿತ್ತು.

ಇಷ್ಟನ್ನು ಹೇಳಿ ಮದ್ಯನಿಂದೆ ಮಾಡಿ ಮುಗಿಸಿಬಿಡುವುದು ಸುಲಭ. ಆದರೆ ಮನೆಯ ತರುಣನು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ: ಆ ದ್ರವ್ಯಗಳಿಲ್ಲದೆ ಆ ಸಂಗೀತ ಹುಟ್ಟುತ್ತಿತ್ತೇ? ಸತ್ಯಾಣುವ್ರತವುಳ್ಳವರು ಈ ಪ್ರಶ್ನೆಯನ್ನು ಬಾಯಿ ಮುಚ್ಚಿಸಿ ಕಳಿಸುವಂತಿಲ್ಲ. ದ್ರವ್ಯಗಳ ಗುರುತು ಆ ಸಂಗೀತದ ಮೇಲೆ ಇಲ್ಲವೇ ಇಲ್ಲ ಎಂದರೆ ಅದು ಅಸತ್ಯವಾದೀತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆಲ್ಬರ್ಟ್ ಹಾಫ್ಮನ್ ಎಂಬ ರಸಾಯನಶಾಸ್ತ್ರಜ್ಞನು 1938ರಲ್ಲಿ ತಯಾರಿಸಿ, 1943ರಲ್ಲಿ ಅದರ ಭ್ರಾಮಕ ಗುಣವನ್ನು ಕಂಡುಕೊಂಡ ಎಲ್‌ಎಸ್‌ಡಿ ಎಂಬ ದ್ರವ್ಯವು 1966 ಮತ್ತು 1967ರ ಹಲವು ಧ್ವನಿಮುದ್ರಿಕೆಗಳ ಬಣ್ಣವನ್ನು ಬದಲಿಸಿದುದು ನಿಜ. ಡೇವಿಡ್ ಬೋವಿ ಎಂಬ ಗಾಯಕನು 1975ರ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಕೊಕೇನ್ ಅಮಲಿನಲ್ಲಿಯೇ ಮುದ್ರಿಸಿದ ಒಂದು ಸಂಪುಟವನ್ನು ವಿಮರ್ಶಕರು ಇಂದಿಗೂ ಶ್ರೇಷ್ಠವೆಂದೇ ಎಣಿಸುತ್ತಾರೆ.

ಆದರೆ ಆ ಬೋವಿಯೇ ಮುಂದೆ ಹೇಳಿದುದು, ಆ ಮುದ್ರಣದ ದಿನಗಳು ತನ್ನ ನೆನಪಿನಲ್ಲಿ ಬಹುಮಟ್ಟಿಗೆ ಉಳಿದೇ ಇಲ್ಲವೆಂದು. ಜೀವನ ಲಕ್ಷಣವು ಉಪಯೋಗ, ಎಂದರೆ ಅರಿಯುವ ಕಾಣುವ ವ್ಯಾಪಾರ, ಎಂದು ತತ್ತ್ವಾರ್ಥಸೂತ್ರವನ್ನು ಓದಿದ ಮಕ್ಕಳೂ ಬಲ್ಲರು. ಕೃತಿ ಜಗತ್ತಿಗೆ ಉಳಿಯಿತು, ಕರ್ತೃವಿಗೆ ಉಳಿಯಲಿಲ್ಲ. ಆತನು 1976ರಲ್ಲಿ ಆ ನಗರವನ್ನೇ ತೊರೆದು, ವ್ಯಸನದಿಂದ ಬಿಡಿಸಿಕೊಳ್ಳಲೆಂದು ಬರ್ಲಿನ್ನಿಗೆ ಹೋಗಿ ನೆಲೆಸಿದನು. ಬಿಡಿಸಿಕೊಳ್ಳುವ ಯತ್ನದ ಆ ವರ್ಷಗಳಲ್ಲಿ, 1977ರೊಂದರಲ್ಲಿಯೇ, ಹೊರಬಂದ ಆತನ ಎರಡು ಸಂಪುಟಗಳು ಹಿಂದಿನದಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯವಲ್ಲ.

ದ್ರವ್ಯವೇ ಕಲೆಯ ಜನನಿ ಎಂಬ ನಂಬಿಕೆ ರಾಕ್ ಸಂಗೀತಕ್ಕಿಂತ ಹಳೆಯದು. ಜಾಝ್ ಸಂಗೀತದ ಚಾರ್ಲಿ ಪಾರ್ಕರ್ ಎಂಬ ಸ್ಯಾಕ್ಸೊಫೋನ್ ವಾದಕನು ಹೆರಾಯಿನ್ ಸೇವಿಸುತ್ತಿದ್ದನೆಂದು, ಅವನಂತೆ ನುಡಿಸಬೇಕೆಂದು ಹಂಬಲಿಸಿದ ಎಷ್ಟೋ ತರುಣರು ಅವನ ಸಾಧನೆಯನ್ನು ಬಿಟ್ಟು ಅವನ ಸೂಜಿಯನ್ನು ಹಿಡಿದರು. 1946ರಲ್ಲಿ ತೀರ ಹದಗೆಟ್ಟ ಸ್ಥಿತಿಯಲ್ಲಿ ತಾನು ನುಡಿಸಿದ ಒಂದು ಮುದ್ರಿಕೆಯನ್ನು ಮಾರಾಟಕ್ಕೆ ಬಿಟ್ಟುದಕ್ಕಾಗಿ ಪಾರ್ಕರನು ಕಡುಕೋಪಗೊಂಡನೆಂಬುದು ಆ ಅನುಯಾಯಿಗಳ ಕಿವಿಗೆ ಬೀಳಲಿಲ್ಲ. 1955ರಲ್ಲಿ ಅವನು ಸತ್ತಾಗ ದೇಹವನ್ನು ಪರೀಕ್ಷಿಸಿದ ವೈದ್ಯನು ವಯಸ್ಸು ಐವತ್ತು ದಾಟಿರಬೇಕೆಂದು ಬರೆದನು. ಪಾರ್ಕರನಿಗಾಗಿದ್ದುದು 34.

ಕೌಶಲ್ಯವು ಎಲ್ಲಿಂದ ಬಂತೆಂಬುದನ್ನೂ ವಿಚಾರಿಸಬೇಕು. ಬೀಟಲ್ಸ್ ತರುಣರು 1960ರಿಂದ 1962ರವರೆಗೆ ಜರ್ಮನಿಯ ಹ್ಯಾಂಬರ್ಗ್ ನಗರದ ಕುಡುಕರ ನಡುವೆ, ರಾತ್ರಿಯೊಂದಕ್ಕೆ ಹಲವಾರು ತಾಸುಗಳ ಕಾಲ, ತಿಂಗಳುಗಟ್ಟಲೆ ನುಡಿಸಿದರು. ಎಚ್ಚರವಾಗಿರಲು ಅಲ್ಲಿಯೂ ಅವರು ಗುಳಿಗೆಗಳನ್ನು ನುಂಗಿದುದುಂಟು; ಆದರೆ ಗುಳಿಗೆ ಅವರನ್ನು ಎಚ್ಚರಿಸಿತೇ ಹೊರತು ಬೆರಳುಗಳಿಗೆ ಪಾಠ ಹೇಳಲಿಲ್ಲ. ಹೆಂಡ್ರಿಕ್ಸನು ಕೀರ್ತಿ ಬರುವ ಮುನ್ನ ವರ್ಷಗಳ ಕಾಲ ಬೇರೆ ಗಾಯಕರ ಹಿಂದೆ ನಿಂತು, ಊರೂರು ತಿರುಗಿ ದುಡಿದ ವಾದಕ. ದ್ರವ್ಯ ಬಂದುದು ಸಾಧನೆಯ ಬಳಿಕ. ತುಂಬಿದ ಭಂಡಾರಕ್ಕೆ ನುಗ್ಗಿದ ಕಳ್ಳನು ಕೈಯಲ್ಲಿ ದೀಪವನ್ನು ಹಿಡಿದಿದ್ದರೆ ಒಳಗಿನ ರತ್ನಗಳು ಕ್ಷಣಕಾಲ ಥಳಥಳಿಸುತ್ತವೆ. ಆ ಬೆಳಕಿಗಾಗಿ ಕಳ್ಳನನ್ನು ದಾನಿಯೆಂದು ಕರೆಯುವವರುಂಟೇ?

ಕಳ್ಳನು ಒಯ್ದುದರ ಲೆಕ್ಕವೂ ಇದೆ. ಕ್ಯಾಲಿಫೋರ್ನಿಯದ ಬೀಚ್ ಬಾಯ್ಸ್ ಗೋಷ್ಠಿಯ ಬ್ರಯಾನ್ ವಿಲ್ಸನ್ ಸ್ವರಮೇಳದ ರಚನೆಯಲ್ಲಿ ಅಸಾಧಾರಣ ಪ್ರತಿಭೆಯುಳ್ಳವನು. 1965ರಲ್ಲಿ ಎಲ್‌ಎಸ್‌ಡಿ ಸೇವಿಸಿದ ಕೆಲವೇ ದಿನಗಳಲ್ಲಿ ತನ್ನ ತಲೆಯೊಳಗೆ ಧ್ವನಿಗಳು ಕೇಳತೊಡಗಿದುವೆಂದು ಆತನೇ ಹೇಳಿಕೊಂಡಿದ್ದಾನೆ. ಮನೋರೋಗದ ಬೀಜ ಮೊದಲೇ ಇದ್ದಿರಬಹುದು. ಎಲ್ಲವನ್ನೂ ದ್ರವ್ಯದ ತಲೆಗೆ ಕಟ್ಟುವುದು ಏಕಾಂತವಾದೀತು. ಆತನು 1966ರಲ್ಲಿ ಆರಂಭಿಸಿದ ‘ಸ್ಮೈಲ್’ ಎಂಬ ಮಹತ್ವಾಕಾಂಕ್ಷೆಯ ರಚನೆ 1967ರಲ್ಲಿ ಅರ್ಧಕ್ಕೇ ನಿಂತಿತು. ಅದನ್ನು ಆತನು ಪೂರ್ಣಗೊಳಿಸಿ ಮುದ್ರಿಸಿದುದು 2004ರಲ್ಲಿ. ನಡುವೆ ಕಳೆದುದು 37 ವರ್ಷ.

ಇನ್ನೊಬ್ಬನಿಗೆ ಅಷ್ಟೂ ದೊರೆಯಲಿಲ್ಲ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಗೋಷ್ಠಿಗೆ ಹೆಸರನ್ನೂ ಮೊದಲ ಸಂಪುಟದ ಬಹುಪಾಲು ಹಾಡುಗಳನ್ನೂ ಕೊಟ್ಟವನು ಕೇಂಬ್ರಿಡ್ಜಿನ ಸಿಡ್ ಬ್ಯಾರೆಟ್. ಆ ಸಂಪುಟ 1967ರಲ್ಲಿ ಹೊರಬಂತು. ಅಷ್ಟರಲ್ಲಿಯೇ ಎಲ್‌ಎಸ್‌ಡಿಯ ಮಿತಿಮೀರಿದ ಸೇವನೆಯ ನಡುವೆ ಆತನ ಮನಸ್ಸು ಕದಡತೊಡಗಿತ್ತು. ವೇದಿಕೆಯ ಮೇಲೆ ಗಿಟಾರನ್ನು ಹಿಡಿದು ನುಡಿಸದೆ ನಿಲ್ಲುವನು. ನುಡಿಸಿದರೆ ಒಂದೇ ಸ್ವರವನ್ನು ನುಡಿಸುತ್ತಿರುವನು. 1968ರಲ್ಲಿ ಗೆಳೆಯರು ಆತನನ್ನು ಬಿಟ್ಟು ಮುಂದೆ ಸಾಗಿದರು. 1975ರ ಜೂನ್ 5ರಂದು ಅವರು ಲಂಡನ್ನಿನ ಆ್ಯಬೆ ರೋಡ್ ಮುದ್ರಣಾಲಯದಲ್ಲಿ, ಈ ಕಳೆದುಹೋದ ಗೆಳೆಯನನ್ನೇ ನೆನೆದು ರಚಿಸಿದ ಹಾಡನ್ನು ಸಿದ್ಧಗೊಳಿಸುತ್ತಿದ್ದಾಗ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ಸ್ಥೂಲಕಾಯದ ವ್ಯಕ್ತಿಯೊಬ್ಬನು ಒಳಗೆ ಬಂದು ನಿಂತನು. ಯಾರೋ ಎಂದು ಎಲ್ಲರೂ ಸುಮ್ಮನಿದ್ದರು. ಬಹಳ ಹೊತ್ತಿನ ಮೇಲೆ, ಅವನೇ ಸಿಡ್ ಎಂದು ತಿಳಿದಾಗ ಕಣ್ಣೀರು ತಡೆಯದಾದರು. ಆಗ ಅವನಿಗೆ ಇನ್ನೂ 29. ಮುಂದಿನ ಬಾಳನ್ನು ಆತನು ಕೇಂಬ್ರಿಡ್ಜಿನಲ್ಲಿ, ಚಿತ್ರ ಬಿಡಿಸುತ್ತ ತೋಟದ ಕೆಲಸ ಮಾಡುತ್ತ, ಹಾಡಿನ ಸಹವಾಸವಿಲ್ಲದೆ ಕಳೆದು 2006ರಲ್ಲಿ ತೀರಿಕೊಂಡನು.

ಪಂಪನ ಆದಿಪುರಾಣವನ್ನು ಕೇಳಿದವರಿಗೆ ನೀಲಾಂಜನೆಯ ಪ್ರಸಂಗ ಮರೆಯಲಾಗದ್ದು. ಆದಿದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ತೀರಿತು. ರಸಭಂಗವಾಗದಂತೆ ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹುದೇ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಗೆ ತಿಳಿಯಲಿಲ್ಲ. ತಿಳಿದುದು ಆದಿದೇವನೊಬ್ಬನಿಗೆ. ಜಾನಿಸ್ ಜಾಪ್ಲಿನಳು ಸತ್ತಾಗ ಆಕೆಯ ಕೊನೆಯ ಸಂಪುಟದ ಒಂದು ಹಾಡಿಗೆ ವಾದ್ಯಗಳನ್ನು ಮುದ್ರಿಸಿ ಆಗಿತ್ತು. ಆಕೆ ಬಂದು ಕಂಠ ಸೇರಿಸುವುದಷ್ಟೇ ಬಾಕಿ. 1971ರ ಜನವರಿಯಲ್ಲಿ ಸಂಪುಟ ಹೊರಬಂದಾಗ ಆ ಹಾಡು ಕಂಠವಿಲ್ಲದೆ ಹಾಗೆಯೇ ಇತ್ತು. ಅಲ್ಲಿ ಇಂದ್ರನು ಬೇರೊಬ್ಬಳನ್ನು ನಿಲ್ಲಿಸಲಿಲ್ಲವೆಂಬುದೇ ವಿಶೇಷ. ಮಿಕ್ಕಂತೆ ಆ ಉದ್ಯಮ ಯಾರಿಗಾಗಿಯೂ ಕಾಯಲಿಲ್ಲ. ಜೋನ್ಸನ ಜಾಗಕ್ಕೆ ಆತನು ಸಾಯುವ ಮೊದಲೇ ಮತ್ತೊಬ್ಬ ವಾದಕನು ಬಂದಿದ್ದನು, ಆತನು ಸತ್ತ ಎರಡೇ ದಿನಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಲಕ್ಷಾಂತರ ಜನರ ಮುಂದೆ ಗೋಷ್ಠಿ ನಡೆಯಿತು.

ಆಸ್ರವಕ್ಕೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿವೆ. ವ್ಯಸನಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ನರಿಗೆ 1965ರಲ್ಲಿ ಎಲ್‌ಎಸ್‌ಡಿಯನ್ನು ಮೊದಲು ಉಣಿಸಿದವನು ಊಟಕ್ಕೆ ಕರೆದ ಒಬ್ಬ ದಂತವೈದ್ಯ. ಕಾಫಿಯಲ್ಲಿ ಬೆರೆಸಿ, ಅವರಿಗೆ ತಿಳಿಸದೆ ಕೊಟ್ಟನು. 1977ರ ಆಗಸ್ಟ್ 16ರಂದು 42ನೆಯ ವಯಸ್ಸಿನಲ್ಲಿ ಸತ್ತ ಎಲ್ವಿಸ್ ಪ್ರೆಸ್ಲಿ ತನ್ನನ್ನು ಮಾದಕವ್ಯಸನಿ ಎಂದು ಎಣಿಸಿರಲೇ ಇಲ್ಲ, ಏಕೆಂದರೆ ಆತನಿಗೆ ಬಂದುದೆಲ್ಲ ವೈದ್ಯರ ಚೀಟಿಯ ಮೇಲೆಯೇ. ಆ ವರ್ಷದ ಮೊದಲ ಎಂಟು ತಿಂಗಳುಗಳಲ್ಲಿ ಆತನ ಹೆಸರಿಗೆ ಬರೆಯಲಾದ ಪ್ರಮಾಣಗಳು 10,000ಕ್ಕೂ ಹೆಚ್ಚು. ದ ಹೂ ಗೋಷ್ಠಿಯ ಕೀತ್ ಮೂನ್ 1978ರ ಸೆಪ್ಟೆಂಬರ್ 7ರಂದು ಸತ್ತುದಂತೂ ಇನ್ನೂ ವಿಷಾದಕರ. ಕುಡಿತವನ್ನು ಬಿಡುವಾಗಿನ ಯಾತನೆಯನ್ನು ತಗ್ಗಿಸಲೆಂದು ಕೊಟ್ಟ ಗುಳಿಗೆಗಳನ್ನೇ ಆತನು 32ರಷ್ಟು ನುಂಗಿದ್ದನು. ಇನ್ನು ಅನುಮೋದನೆ ಕೋಟ್ಯಂತರ ಕೇಳುಗರದು. ಕಲಾವಿದನೆಂದರೆ ಹಾಗೆಯೇ ಇರಬೇಕು, ಉರಿದು ಬೇಗನೆ ಆರಬೇಕು ಎಂದು ಚಪ್ಪಾಳೆ ತಟ್ಟಿದವರ ಕೈಗಳು ಶುದ್ಧವೆಂದು ಹೇಳಲಾದೀತೇ? ಶ್ರಾವಕರ ಮನೆಯ ಹುಡುಗನೊಬ್ಬನು ಆ ಚಿತ್ರಪಟವನ್ನು ಗೋಡೆಗೆ ಅಂಟಿಸಿಕೊಂಡಾಗ, ಹಾಡನ್ನು ಮೆಚ್ಚಿದನೋ ಸಾವನ್ನು ಮೆಚ್ಚಿದನೋ ಎಂದು ಕೇಳಿ ತಿಳಿಯುವುದು ಪಟವನ್ನು ಹರಿಯುವುದಕ್ಕಿಂತ ಉಪಯುಕ್ತ.

ಹರಿವಂಶದ ಕಥೆಯಲ್ಲಿ ನೇಮಿಜಿನರು ದ್ವಾರಕೆಯ ನಾಶಕ್ಕೆ ಮದ್ಯವೂ ದ್ವೀಪಾಯನನ ಕೋಪವೂ ಕಾರಣವಾಗುವುವೆಂದು ಮುನ್ನುಡಿದರು. ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಲಾಯಿತು. ಅದು ಕಾಡಿನ ಕುಳಿಗಳಲ್ಲಿ ನಿಂತಿತು. ವರ್ಷಗಳ ಮೇಲೆ ಬಾಯಾರಿದ ರಾಜಕುಮಾರರು ಅದನ್ನೇ ಕುಡಿದು, ಮುನಿಯನ್ನು ಕೆಣಕಿ, ಊರನ್ನು ಸುಡಿಸಿದರು. ಹೊರಗೆ ಚೆಲ್ಲಿದ ಮಾತ್ರಕ್ಕೆ ತ್ಯಾಗ ಪೂರ್ಣವಾಗದು. ವೈದ್ಯರೂ ಇದಕ್ಕೆ ಸಮನಾದ ಒಂದು ಮಾತನ್ನು ಹೇಳುತ್ತಾರೆ: ಹೆರಾಯಿನ್ ಬಿಟ್ಟವನ ದೇಹ ಕೆಲವು ವಾರಗಳಲ್ಲಿಯೇ ಹಿಂದಿನ ಸಹನಶಕ್ತಿಯನ್ನು ಕಳೆದುಕೊಳ್ಳುತ್ತದೆ, ಜಾರಿ ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲುತ್ತದೆ. ಬಿಟ್ಟು ಜಾರಿದವನು ಬಿಡದವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ಆದುದರಿಂದಲೇ ಅಂತಹವನನ್ನು ಆ ದಿನಗಳಲ್ಲಿ ಒಂಟಿಯಾಗಿ ಬಿಡುವುದು, ನಾಚಿಕೆಯಿಂದ ಬಾಗಿಲು ಮುಚ್ಚಿಕೊಳ್ಳುವುದು, ಕೊಲ್ಲುವುದಕ್ಕೆ ಹತ್ತಿರವಾದ ಕೆಲಸ.

ಜಾರಿದವನನ್ನು ಮತ್ತೆ ನಿಲ್ಲಿಸುವುದು ಸಮ್ಯಗ್ದರ್ಶನದ ಆರನೆಯ ಅಂಗವಾದ ಸ್ಥಿತಿಕರಣ. ಶ್ರೇಣಿಕನ ಮಗನಾದ ವಾರಿಷೇಣ ಮುನಿಯು ಪುಷ್ಪಡಾಲನನ್ನು ಹಳಿಯಲಿಲ್ಲ, ಬಿಡಲೂ ಇಲ್ಲ. ಜೊತೆಯಲ್ಲಿ ಕರೆದೊಯ್ದು ತಾನು ತೊರೆದ ವೈಭವವನ್ನು ತೋರಿಸಿ ಅವನ ಮನಸ್ಸನ್ನು ನಿಲ್ಲಿಸಿದನು. ಈ ಅಂಗದ ಛಾಯೆಯನ್ನು ಎರಿಕ್ ಕ್ಲ್ಯಾಪ್ಟನ್ ಎಂಬ ಗಿಟಾರ್ ವಾದಕನ ಬಾಳಿನಲ್ಲಿ ಕಾಣಬಹುದು. 1970ರ ದಶಕದ ಆರಂಭದಲ್ಲಿ ಹೆರಾಯಿನ್‌ಗೆ ದಾಸನಾಗಿ ಆತನು ಮನೆ ಸೇರಿ ಕದವಿಕ್ಕಿಕೊಂಡನು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ನಡೆದ ಗೋಷ್ಠಿಗೆ ಬಂದಾಗಲೂ ರೋಗಗ್ರಸ್ತನಾಗಿಯೇ ನಿಂತನು. 1973ರ ಜನವರಿಯಲ್ಲಿ ಪೀಟ್ ಟೌನ್‌ಶೆಂಡ್ ಎಂಬ ಸಹಕಲಾವಿದನು ಗೆಳೆಯರನ್ನು ಕೂಡಿಸಿ, ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಗೋಷ್ಠಿಯನ್ನೇರ್ಪಡಿಸಿ ಆತನನ್ನು ಹೊರಗೆಳೆದನು. ಹೆರಾಯಿನ್ ಬಿಟ್ಟಿತು, ಅದರ ಸ್ಥಾನಕ್ಕೆ ಮದ್ಯ ಬಂತು. ಒಂದು ಕಷಾಯವು ಇಳಿದಾಗ ಇನ್ನೊಂದು ಏರುವುದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. 1982ರಲ್ಲಿ ಅಮೆರಿಕದ ಮಿನೆಸೋಟದ ಚಿಕಿತ್ಸಾಲಯವನ್ನು ಸೇರಿದನು. ಹೊರಬಂದು ಮತ್ತೆ ಜಾರಿದನು. 1987ರಲ್ಲಿ ಮತ್ತೆ ಸೇರಿದನು. ಅಲ್ಲಿಂದೀಚೆಗೆ ಕುಡಿದಿಲ್ಲ.

ಆ ಚಿಕಿತ್ಸೆಯ ತಳಹದಿಯಾದ ಪದ್ಧತಿ 1935ರಲ್ಲಿ ಓಹಾಯೊ ಪ್ರಾಂತದ ಆ್ಯಕ್ರನ್‌ನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಊರುಗೋಲಾದುದರಿಂದ ಹುಟ್ಟಿತು. ಅದರ ಮರ್ಮ ‘ಇಂದು ಒಂದು ದಿನ ಕುಡಿಯೆನು’ ಎಂಬ ಸಂಕಲ್ಪ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಬಾಳಿನುದ್ದಕ್ಕೂ ಇರುವುದನ್ನು ಯಮವೆಂದೂ ವಿಂಗಡಿಸಿರುವುದನ್ನು ಬಲ್ಲವರು ಇದರ ಬೆಲೆಯನ್ನು ಒಡನೆಯೇ ಅರಿತಾರು. ಯಾವಜ್ಜೀವದ ಭಾರವನ್ನು ಹೊರಲಾರದ ದುರ್ಬಲನಿಗೆ ಒಂದು ದಿನದ ನಿಯಮವನ್ನು ಕೊಟ್ಟು, ಮರುದಿನ ಅದನ್ನೇ ಮತ್ತೆ ಕೊಟ್ಟರೆ, ನಿಯಮಗಳ ಸಾಲೇ ಒಂದು ದಿನ ಯಮವಾಗಿ ನಿಂತಿರುತ್ತದೆ. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಮಕ್ಕಳಿಗೆ ಏಕಭುಕ್ತದಿಂದಲೇ ಕಲಿಸಿದ ತಾಯಂದಿರಿಗೆ ಈ ಯುಕ್ತಿಯನ್ನು ಆ್ಯಕ್ರನ್‌ನವರು ಹೇಳಿಕೊಡಬೇಕಾಗಿಲ್ಲ. 1991ರ ಮಾರ್ಚಿನಲ್ಲಿ ಕ್ಲ್ಯಾಪ್ಟನ್ನನ ನಾಲ್ಕು ವರ್ಷದ ಮಗನು ನ್ಯೂಯಾರ್ಕಿನ ಎತ್ತರದ ಕಟ್ಟಡದ ಕಿಟಕಿಯಿಂದ ಬಿದ್ದು ಸತ್ತನು. ಕುಡಿಯಲು ಲೋಕವೇ ಒಪ್ಪುವ ಕಾರಣ ಅದಾಗಿತ್ತು, ಆತನು ಕುಡಿಯಲಿಲ್ಲ. ಆ ದುಃಖದಿಂದ ಹುಟ್ಟಿದ ಹಾಡನ್ನೊಳಗೊಂಡ 1992ರ ಸಂಪುಟವು ಆತನ ಕೃತಿಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾಯಿತು. 1998ರಲ್ಲಿ ಆತನು ಆಂಟಿಗ ದ್ವೀಪದಲ್ಲಿ ವ್ಯಸನಿಗಳ ಚಿಕಿತ್ಸಾಕೇಂದ್ರವನ್ನು ಸ್ಥಾಪಿಸಿ, ಮರುವರ್ಷ ಅದಕ್ಕಾಗಿ ತನ್ನ ನೂರು ಗಿಟಾರುಗಳನ್ನು ಹರಾಜಿಗಿಟ್ಟು ಸುಮಾರು 50 ಲಕ್ಷ ಡಾಲರುಗಳನ್ನು ಕೂಡಿಸಿದನು.

ಬಾಂಗ್ಲಾದೇಶದ ಆ ಗೋಷ್ಠಿಯಲ್ಲಿಯೇ ಪಂಡಿತ ರವಿಶಂಕರರು ಸಿತಾರನ್ನು ನುಡಿಸುವ ಮೊದಲು, ಕಾರ್ಯಕ್ರಮ ಮುಗಿಯುವವರೆಗೆ ಧೂಮಪಾನ ಮಾಡಬೇಡಿರೆಂದು ಸಭೆಯನ್ನು ಕೇಳಿಕೊಂಡರು. ಮಾದಕ ದ್ರವ್ಯವನ್ನೂ ಭಾರತೀಯ ಸಂಗೀತವನ್ನೂ ಒಂದುಗೂಡಿಸಿ ನೋಡುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಅವರ ಶಿಷ್ಯನಾದ ಜಾರ್ಜ್ ಹ್ಯಾರಿಸನ್ 1967ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್ ಆ್ಯಶ್ಬರಿ ಬೀದಿಯನ್ನು ನೋಡಲು ಹೋಗಿ, ಜ್ಞಾನಿಗಳನ್ನು ಕಾಣುವೆನೆಂದುಕೊಂಡವನು ಅಮಲೇರಿದ ಹುಡುಗರನ್ನು ಕಂಡು, ಎಲ್‌ಎಸ್‌ಡಿಯಿಂದ ವಿಮುಖನಾಗಿ ಧ್ಯಾನದತ್ತ ತಿರುಗಿದನು. ತಂಬಾಕು ಆತನನ್ನು ಬಿಟ್ಟಿರಲಿಲ್ಲ. ಗಂಟಲಿನ ಕ್ಯಾನ್ಸರಿಗೆ ಅದೇ ಕಾರಣವೆಂದು ಆತನೇ ಹೇಳಿದನು.

ಆ ಸಂಗೀತದ ಒಳಗಿನಿಂದಲೇ ವ್ರತವೊಂದು ಹುಟ್ಟಿದುದನ್ನು ಬಹಳ ಮಂದಿ ಅರಿಯರು. 1980ರಲ್ಲಿ ವಾಷಿಂಗ್ಟನ್ನಿನ ಹರೆಯದ ಹುಡುಗರ ಗೋಷ್ಠಿಯೊಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನುಡಿಸಲು ಹೋದಾಗ, ಇವರು ಅಪ್ರಾಪ್ತವಯಸ್ಕರು, ಇವರಿಗೆ ಮದ್ಯ ಕೊಡಬಾರದು ಎಂದು ಗುರುತಿಸಲು ಅಲ್ಲಿಯವರು ಅವರ ಕೈಗಳ ಮೇಲೆ ಶಾಯಿಯಿಂದ ಗುಣಾಕಾರದ ಚಿಹ್ನೆಯಂತಹ ಗೆರೆಗಳನ್ನೆಳೆದರು. ಹುಡುಗರು ಊರಿಗೆ ಮರಳಿ ಆ ಚಿಹ್ನೆಯನ್ನು ತಾವಾಗಿಯೇ ಬರೆದುಕೊಳ್ಳತೊಡಗಿದರು. ಅವರಲ್ಲೊಬ್ಬನಾದ ಇಯಾನ್ ಮೆಕ್ಕೇ 1981ರಲ್ಲಿ, ಒಂದು ನಿಮಿಷವೂ ಇಲ್ಲದ ‘ಸ್ಟ್ರೇಟ್ ಎಡ್ಜ್’ ಎಂಬ ಹಾಡಿನಲ್ಲಿ, ತನಗೆ ಅಮಲು ಬೇಡವೆಂದು ಸಾರಿದನು. ಮದ್ಯ, ತಂಬಾಕು, ಮಾದಕ ದ್ರವ್ಯಗಳನ್ನು ತೊರೆದ ತರುಣರು ಆ ಹೆಸರಿನಲ್ಲಿ ದೇಶದೇಶಗಳಲ್ಲಿ ಕಾಣಿಸಿಕೊಂಡರು. ಅವರಲ್ಲಿ ಅನೇಕರು ಮಾಂಸವನ್ನೂ ಬಿಟ್ಟರು. ಮುಂದೆ ಕೆಲವರು ಕುಡಿಯುವವರನ್ನು ಹೊಡೆಯುವವರೆಗೂ ಹೋದರು. ತ್ಯಾಗ ಮಾನಕಷಾಯಕ್ಕೆ ಇಂಧನವಾಯಿತು. ಮೆಕ್ಕೇ ಮಾತ್ರ ತಾನು ಯಾವ ಪಂಥವನ್ನೂ ಕಟ್ಟಲಿಲ್ಲವೆಂದೂ, ತಾನು ಹೇಗೆ ಬದುಕುವೆನೆಂಬುದನ್ನಷ್ಟೇ ಹಾಡಿದೆನೆಂದೂ ಹೇಳುತ್ತ ಬಂದಿದ್ದಾನೆ.